ನೀಲಿಯಾದ ಬಿಳಿ ಟವೆಲು

ಆ ಬೀದಿಯಲ್ಲಿ ನಿಂತು ಅವರ ನಿಜವಾದ ಹೆಸರು ಹೇಳಿ ಮನೆ ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಿದ್ದರು. ‘ಇಲ್ನೋಡಿ’ ಎಂದರೆ ಮಾತ್ರ ಬೀದಿನಾಯಿ ಕೂಡ ಮುಂದೆ ಹೋಗಿ ದಾರಿ ತೋರಿಸುವಷ್ಟು ಪ್ರಸಿದ್ಧರು. ಜೀವನವಿಡೀ ಸ್ಟುಡಿಯೋದ ಸ್ಟೂಲಿನ ಮೇಲೆ ಜನರನ್ನು ಕೂರಿಸಿ ‘ಇಲ್ನೋಡಿ, ಸ್ವಲ್ಪ ಇಲ್ನೋಡಿ, ಕಣ್ಣು ಮಿಟುಕಿಸಬೇಡಿ’ ಎಂದವರಿಗೆ ಅದಕ್ಕಿಂತ ಒಪ್ಪುವ ಹೆಸರು ಯಾವುದಿದೆ? ಹೆಂಡತಿ ಕೂಡ ಸಿಟ್ಟು ಬಂದಾಗ ‘ರೀ ಇಲ್ನೋಡಿ’ ಎಂದೇ ಕರೆಯುತ್ತಿದ್ದಳು.

ಸ್ಟುಡಿಯೋ ಎಂದರೆ ದೊಡ್ಡದೇನಲ್ಲ. ಮುಂದೆ ಗಾಜಿನ ಬಾಗಿಲು, ಒಳಗೆ ತಿರುಗುವ ಸ್ಟೂಲು, ಒಂದು ಬಿಳಿ ಪರದೆ, ಒಂದು ನೀಲಿ ಪರದೆ. ಕನ್ನಡಿಯ ಪಕ್ಕ ದಾರ ಕಟ್ಟಿದ ಬಾಚಣಿಗೆ. ದಾರ ಇಲ್ಲದಿದ್ದ ಕಾಲದಲ್ಲಿ ಬಾಚಣಿಗೆಗಳು ಗಿರಾಕಿಗಳ ಜೇಬಿನಲ್ಲಿ ಊರು ನೋಡಲು ಹೋಗುತ್ತಿದ್ದವು. ಗೂಟದಲ್ಲಿ ಒಂದು ಕರಿ ಕೋಟು, ಅದಕ್ಕೇ ಹೊಲಿದ ಟೈ. ಕೆಲಸಕ್ಕೆ ಅರ್ಜಿ ಹಾಕುವ ಆ ಬೀದಿಯ ಹುಡುಗರೆಲ್ಲ ಅದೇ ಕೋಟಿನೊಳಗೆ ತೂರಿ ಹೊರಬಂದವರು. ಹಿಂದಿನ ಬಾಗಿಲು ದಾಟಿದರೆ ಮನೆ: ಒಂದು ಅಡುಗೆಮನೆ, ಎರಡು ಕೋಣೆ, ಬಟ್ಟೆ ಒಗೆಯುವ ಕಲ್ಲಿರುವ ಪುಟ್ಟ ಹಿತ್ತಲು.

ನಡುಗೋಡೆಯ ಮೇಲೆ ಅವರ ಮನೆತನವೇ ತೂಗುತ್ತಿತ್ತು. ಇಲ್ನೋಡಿಯವರ ಅಪ್ಪ, ಸ್ವತಃ ಅವರು, ಅವರ ಮಗ. ಎಲ್ಲರದ್ದೂ ಒಂದೇ ಅಚ್ಚು. ಅಗಲವಾದ ಹಣೆ, ಒಳಗೆ ಹೂತ ಕಣ್ಣು, ಕೆಳಗೆ ಬರಬರುತ್ತಾ ಕಿರಿದಾಗಿ ಚೂಪಾದ ಗದ್ದ. ‘ನಮ್ಮನೆ ಗದ್ದದಲ್ಲಿ ಲಕೋಟೆ ಒಡೀಬಹುದು’ ಎಂದು ಅವರೇ ನಗಾಡುತ್ತಿದ್ದರು. ಆ ಗದ್ದದ ಬಗ್ಗೆ ಅವರಿಗೆ ಹೆಮ್ಮೆ ಎಂದರೆ ಹೆಮ್ಮೆ. ಆಸ್ತಿ ಮಾಡಲಿಲ್ಲ, ಮುಖ ಉಳಿಸಿಕೊಂಡು ಬಂದೆವು ಎನ್ನುವ ಭಾವ.

ಕೆಲಸ ಕಲಿತದ್ದು ಫೋಟೋ ತಿದ್ದುವ ಒಬ್ಬ ಟಚಿಂಗ್ ಮಾಸ್ಟರ ಕೈಕೆಳಗೆ. ಸೀಸದ ಕಡ್ಡಿ, ಇಲಿಬಾಲದಂಥ ಕುಂಚ, ಕಣ್ಣಿಗೊಂದು ಭೂತಗನ್ನಡಿ. ಮಾಸ್ಟರು ಹೇಳುತ್ತಿದ್ದರಂತೆ: ‘ಕ್ಯಾಮೆರಾ ಸುಳ್ಳು ಹೇಳಲ್ಲ ಕಣೋ. ಅದಕ್ಕೇ ನಮ್ಮನ್ನ ಇಟ್ಟಿರೋದು.’ ಇನ್ನೊಂದು ಪಾಠವೂ ಇತ್ತು: ‘ಗೋಡೆ, ಬಟ್ಟೆ ಏನಾದ್ರೂ ಆಗ್ಲಿ, ಮುಖದ ಚರ್ಮ ಸರಿ ಇದ್ರೆ ಫೋಟೋ ಸರಿ.’ ಇಲ್ನೋಡಿ ಇದನ್ನು ಮರೆತವರಲ್ಲ. ಮಚ್ಚೆ ತೆಗೆಯುವುದು, ಸುಕ್ಕು ಅಳಿಸುವುದು, ಕಪ್ಪಗಿದ್ದವರನ್ನು ಕೊಂಚ ಬೆಳ್ಳಗೆ ಮಾಡುವುದು, ಎಲ್ಲ ಅವರಿಗೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಬದುಕಿದ್ದಾಗ ಒಂದು ಫೋಟೋವನ್ನೂ ತೆಗೆಸದೆ ಸತ್ತವರನ್ನು ಮಲಗಿದ್ದಲ್ಲೇ ತೆಗೆದು, ಮುಚ್ಚಿದ ರೆಪ್ಪೆಯ ಮೇಲೆ ಕುಂಚದಲ್ಲಿ ಕಣ್ಣು ಬಿಡಿಸಿಕೊಡುತ್ತಿದ್ದರು. ಮನೆಯವರು ಅದನ್ನು ನೋಡಿ ‘ಥೇಟ್ ಹೀಗೇ ಇದ್ರು’ ಎಂದು ಕಣ್ಣೀರು ಒರೆಸಿಕೊಳ್ಳುತ್ತಿದ್ದರು. ಹೀಗೆ ಇರಲೇ ಇಲ್ಲ ಎಂದು ಇಲ್ನೋಡಿಗೆ ಗೊತ್ತಿರುತ್ತಿತ್ತು. ಆದರೆ ಅಳುವವರ ಮುಂದೆ ವಾದ ಮಾಡುವ ಮೂರ್ಖರಲ್ಲ ಅವರು.

ಅದೇ ಗೋಡೆಯ ಮೂಲೆಯಲ್ಲಿ ಇನ್ನೊಂದು ಚಿಕ್ಕ ಫೋಟೋ ಇತ್ತು. ಅವರ ಮೊದಲ ಮಗ. ಮೂರು ತಿಂಗಳು ತುಂಬುವ ಮೊದಲೇ ಹೋದವನು. ಒಂದು ಬೆಳಿಗ್ಗೆ ಮೂಗಿನಲ್ಲಿ ರಕ್ತ ಬಂತು, ಮಧ್ಯಾಹ್ನ ಫಿಟ್ಸ್ ಬಂತು, ಸಂಜೆಗೆ ಮಗು ಇಲ್ಲ. ಏನಾಗಿತ್ತು ಎಂದು ಕೇಳಿದವರಿಗೆಲ್ಲ ಇಲ್ನೋಡಿ ‘ಜ್ವರ’ ಎಂದರು. ಜ್ವರ ಎಂದರೆ ಯಾರೂ ಮತ್ತೊಂದು ಪ್ರಶ್ನೆ ಕೇಳುವುದಿಲ್ಲ. ಉಳಿದದ್ದು ಒಂದೇ ಕಪ್ಪು ಬಿಳುಪಿನ ಫೋಟೋ. ಕೆಲವು ವಾರಗಳ ಮೇಲೆ ಹೆಂಡತಿ ಅದನ್ನು ತಂದು ಮೇಜಿನ ಮೇಲಿಟ್ಟು, ‘ಇದಕ್ಕೆ ಸ್ವಲ್ಪ ಬಣ್ಣ ಹಾಕಿಕೊಡ್ತೀರಾ?’ ಎಂದಳು. ಯಾವ ಬಣ್ಣ ಎಂದು ಅವರು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಕೆನ್ನೆಗೆ ತಿಳಿಗುಲಾಬಿ ಹಚ್ಚಿ, ತುಟಿಗೆ ಒಂದಿಷ್ಟು ಕೆಂಪು ಇಟ್ಟು ಕೊಟ್ಟರು. ಅವಳು ಬಹಳ ಹೊತ್ತು ನೋಡಿ, ‘ಹೌದು, ಹೀಗೇ ಇದ್ದ’ ಎಂದಳು. ಅಂದಿನಿಂದ ಆ ಮಗು ಹೀಗೇ ಇದ್ದ.

ಎರಡನೆಯ ಮಗ ಉಳಿದ. ಬೆಳೆಯುವಾಗ ಕೈಕಾಲು ಕೆರೆದುಕೊಂಡು ಕೆರೆದುಕೊಂಡು ಗಾಯ ಮಾಡಿಕೊಳ್ಳುತ್ತಿದ್ದ. ಶಾಲೆಗೆ ಬಂದ ಡಾಕ್ಟರು ಒಮ್ಮೆ ಎದೆಗೆ ಕೊಳವೆ ಇಟ್ಟು, ‘ಹೃದಯದಲ್ಲಿ ಸಣ್ಣ ಶಬ್ದ ಇದೆ, ದೊಡ್ಡಾಸ್ಪತ್ರೆಯಲ್ಲಿ ತೋರಿಸಿ’ ಎಂದಿದ್ದರು. ಇಲ್ನೋಡಿ ನಕ್ಕುಬಿಟ್ಟರು. ಯಾಕೆಂದರೆ ಹರೆಯದಲ್ಲಿ ಸರ್ಕಾರಿ ಕೆಲಸದ ಪರೀಕ್ಷೆಗೆ ಹೋದಾಗ ಅವರ ಎದೆಯಲ್ಲೂ ಅದೇ ಶಬ್ದ ಕೇಳಿ ವಾಪಸು ಕಳಿಸಿದ್ದರು. ‘ಗದ್ದ ಕೊಟ್ಟೆ, ಶಬ್ದಾನೂ ಕೊಟ್ಟೆ. ನಾನೇನು ಸತ್ತುಹೋದ್ನಾ?’ ಎಂದರು. ಮಗನೂ ಏನಾಗದೆ ಬೆಳೆದ, ಸ್ಟುಡಿಯೋದಲ್ಲೇ ಕೆಲಸ ಮಾಡಿದ, ಮದುವೆಯಾದ. ಇಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು.

ಆಮೇಲೆ ಮೊಮ್ಮಗಳು ಹುಟ್ಟಿದಳು. ಪುಟ್ಟಿ.

ಆಸ್ಪತ್ರೆಯಲ್ಲಿ ಬಟ್ಟೆ ಸರಿಸಿ ಮುಖ ನೋಡಿದ್ದೇ ಇಲ್ನೋಡಿ ಕುಣಿದಾಡಿಬಿಟ್ಟರು. ‘ಬಂತು ನೋಡು ನಮ್ಮ ಗದ್ದ! ಹುಟ್ಟಿ ಒಂದು ದಿನ ಆಗಿಲ್ಲ, ಆಗ್ಲೇ ಲಕೋಟೆ ಒಡೆಯೋ ಹಾಗಿದೆ!’ ಸೊಸೆ ನಕ್ಕಳು, ಮಗ ನಕ್ಕ. ಹೆಂಡತಿ ಮಾತ್ರ ಮಗುವಿನ ಹಣೆಯನ್ನೂ ಗದ್ದವನ್ನೂ ನೋಡಿ, ಬಟ್ಟೆಯನ್ನು ಮೆಲ್ಲಗೆ ಮತ್ತೆ ಎಳೆದುಬಿಟ್ಟಳು. ‘ಚಳಿ ಇದೆ’ ಎಂದಳು. ಚಳಿ ಇರಲಿಲ್ಲ.

ಮೊದಲ ವಾರ ಮಗು ಹಳದಿಯಾಯಿತು. ಎಷ್ಟೋ ಮಕ್ಕಳಿಗೆ ಬರುತ್ತದೆ, ಹೋಗುತ್ತದೆ ಎಂದರು ಆಸ್ಪತ್ರೆಯವರು. ಬರುವುದು ಬಂತು, ಹೋಗಿದೆಯೋ ಇಲ್ಲವೋ ಎಂದು ಮನೆಗೆ ಬಂದ ಮೇಲೆ ಯಾರೂ ಬೆಳಕಿಗೆ ಹಿಡಿದು ನೋಡಲಿಲ್ಲ. ಬಾಣಂತಿ ಕೋಣೆಯಲ್ಲಿ ಒಂದೇ ಕಿಟಕಿ, ಅದಕ್ಕೂ ದಪ್ಪ ಪರದೆ. ದಿನವೂ ನೋಡುವ ಕಣ್ಣಿಗೆ ದಿನವೂ ಕೂದಲೆಳೆಯಷ್ಟು ಬದಲಾಗುವ ಬಣ್ಣ ಕಾಣುವುದಿಲ್ಲ. ಸಾಲದ್ದಕ್ಕೆ ಸೊಸೆಗೆ ಒಂದು ಧೈರ್ಯವಿತ್ತು. ಅವಳ ಅಕ್ಕ ದೂರದ ಊರಿನ ಆಸ್ಪತ್ರೆಯಲ್ಲಿ ನರ್ಸು. ರಜೆ ಸಿಗದೆ ಬರಲಾಗದಿದ್ದರೂ, ಮಗುವಿಗೆಂದು ಮೆತ್ತನೆಯ ಟವೆಲೊಂದನ್ನು ಕಳಿಸಿ, ‘ವಾರಕ್ಕೊಂದು ಫೋಟೋ ಕಳಿಸು, ನೋಡ್ತಿರ್ತೀನಿ’ ಎಂದಿದ್ದಳು.

‘ಮಾವ, ಅಕ್ಕನಿಗೆ ಒಂದು ಒಳ್ಳೆ ಫೋಟೋ ತೆಗೆದುಕೊಡ್ತೀರಾ? ನನ್ನ ಮೊಬೈಲಲ್ಲಿ ಕತ್ತಲೆ ಕತ್ತಲೆ ಬರುತ್ತೆ’ ಎಂದಳು ಸೊಸೆ.

ಕೇಳಬೇಕೆ? ಮಗುವನ್ನು ಆ ಟವೆಲಿನ ಮೇಲೆ ಮಲಗಿಸಿ, ದೊಡ್ಡ ಕ್ಯಾಮೆರಾ ತಂದರು. ‘ಇಲ್ನೋಡು ಪುಟ್ಟಿ, ಇಲ್ನೋಡು.’ ಕಂಪ್ಯೂಟರಿಗೆ ಹಾಕಿ ನೋಡಿದರೆ ಮಗುವಿನ ಮುಖ ಹಳದಿ ಹೊಡೆಯುತ್ತಿತ್ತು. ‘ಹಾಳು ಟ್ಯೂಬ್‌ಲೈಟು’ ಎಂದು ಗೊಣಗುತ್ತಾ ಹಳದಿ ತಗ್ಗಿಸಿದರು. ಚರ್ಮ ಸರಿಯಾಯಿತು. ಫೋಟೋ ಸರಿಯಾಯಿತು. ಅಕ್ಕನಿಂದ ಉತ್ತರ ಬಂತು: ‘ಬಂಗಾರ! ಕಲರ್ ಚೆನ್ನಾಗಿದೆ, ಏನೂ ಯೋಚನೆ ಮಾಡ್ಬೇಡ.’

ಮುಂದಿನ ವಾರ ಹಳದಿ ಇನ್ನಷ್ಟು ಹೊಡೆಯಿತು. ಟ್ಯೂಬ್‌ಲೈಟ್ ಬದಲಾಯಿಸಿದರು. ಅದರ ಮುಂದಿನ ವಾರ ಅಂಗಡಿಯವನ ಬಳಿ ಹೋಗಿ ಕಳಪೆ ಟ್ಯೂಬು ಕೊಟ್ಟೆ ಎಂದು ಜಗಳವಾಡಿದರು. ಆಮೇಲೆ ಗೋಡೆಯ ಸುಣ್ಣದ ಮೇಲೆ ತಪ್ಪು ಹೊರಿಸಿದರು. ಪ್ರತಿ ಸಲವೂ ಬೆರಳು ತಾನಾಗಿಯೇ ಹೋಗಿ ಹಳದಿಯನ್ನು ಹಿಂದಿನ ಸಲಕ್ಕಿಂತ ಸ್ವಲ್ಪ ಹೆಚ್ಚಾಗಿ ತಗ್ಗಿಸುತ್ತಿತ್ತು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎಂಬ ಗಾದೆ ಇದೆಯಲ್ಲ, ಈ ಮನೆಯಲ್ಲಿ ಅದು ತಿರುಗುಮುರುಗಾಗಿತ್ತು. ಕಾಮಾಲೆ ತೊಟ್ಟಿಲಲ್ಲೇ ಮಲಗಿತ್ತು, ಕಾಣುವವರಿಗೆ ಹಳದಿ ಒಂದು ಬಿಟ್ಟು ಬೇರೆಲ್ಲ ಕಾಣುತ್ತಿತ್ತು.

ಹೆಂಡತಿಗೆ ಕಂಡಿತು. ಮಗುವಿನ ಬಟ್ಟೆ ಒಗೆಯುವವಳು ಅವಳೇ. ಒಂದು ಬೆಳಿಗ್ಗೆ ಹಿತ್ತಲಿಂದ ಬಂದು, ಕೈ ಒರೆಸಿಕೊಳ್ಳುತ್ತಾ, ಸ್ಟುಡಿಯೋದ ಬಾಗಿಲಲ್ಲೇ ನಿಂತಳು.

‘ರೀ, ಪುಟ್ಟಿ ಹೊರಗೆ ಹೋಗೋದು ಬೆಳ್ಳಗಿದೆ. ಸುಣ್ಣದ ಥರ. ಉಚ್ಚೆ ಕಲೆ ಮಾತ್ರ ಟೀ ಚೆಲ್ಲಿದ ಹಾಗೆ.’

‘ಹಾಲು ಕುಡಿಯೋ ಮಗು ಬೆಳ್ಳಗಲ್ದೆ ಕಪ್ಪಗೆ ಮಾಡುತ್ತಾ?’ ಇಲ್ನೋಡಿ ಕಂಪ್ಯೂಟರಿನ ಪರದೆಯಿಂದ ಕಣ್ಣು ಕೀಳದೆ ಹೇಳಿದರು.

‘ಮೊದಲನೆಯವನದ್ದೂ ಹೀಗೇ ಇತ್ತು.’

ಅವರ ಕೈ ನಿಂತಿತು. ಹೆದರಿದ ಗಂಡಸರು ಮಾಡುವುದನ್ನೇ ಅವರೂ ಮಾಡಿದರು, ಸಿಟ್ಟು ಮಾಡಿದರು. ‘ಬಾಣಂತಿ ಮನೇಲಿ ಏನು ಮಾತಾಡ್ಬೇಕು ಅನ್ನೋ ಬುದ್ಧಿ ಬೇಡ್ವಾ ನಿಂಗೆ? ಆ ಹುಡುಗಿ ಕಿವಿಗೆ ಬಿದ್ರೆ ಹಾಲು ಬತ್ತಿ ಹೋಗುತ್ತೆ. ಅವಳ ಅಕ್ಕ ನರ್ಸು, ಚೆನ್ನಾಗಿದೆ ಅಂದಿದ್ದಾಳೆ. ನೀನೇನು ದೊಡ್ಡ ಡಾಕ್ಟ್ರಾ?’

ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಅವಳು ಸುಮ್ಮನಾದಳು. ಬಟ್ಟೆ ಒಗೆಯುವುದನ್ನು ಮಾತ್ರ ಬೇರೆ ಯಾರಿಗೂ ಬಿಡಲಿಲ್ಲ. ಒಗೆದದ್ದನ್ನು ಒಗೆದು, ಮತ್ತೆ ಒಗೆದು, ಹಿತ್ತಲಲ್ಲಿ ಒಣಹಾಕುತ್ತಿದ್ದಳು.

ಲಸಿಕೆಯ ದಿನ ಸೊಸೆಯೂ ಮಗನೂ ಮಗುವನ್ನು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದರು. ಅಲ್ಲಿನ ಸಿಸ್ಟರಿಗೆ ಸಾಲಿನಲ್ಲಿದ್ದ ಮಕ್ಕಳ ಅಳುವಿನಲ್ಲಿ ತಲೆ ಕೆಟ್ಟಿತ್ತು. ಆದರೂ ಒಮ್ಮೆ ನಿಂತು, ‘ಇನ್ನೂ ಸ್ವಲ್ಪ ಹಳದಿ ಇದೆಯಲ್ಲಮ್ಮಾ?’ ಎಂದಳು. ಸೊಸೆ ತಟ್ಟನೆ ಮೊಬೈಲು ತೆಗೆದು ತೋರಿಸಿದಳು. ‘ಇಲ್ಲ ಸಿಸ್ಟರ್, ನಮ್ಮಕ್ಕನೂ ನರ್ಸು, ಪ್ರತಿ ವಾರ ಫೋಟೋ ನೋಡ್ತಾರೆ. ನೋಡಿ, ಸರಿಯಾಗಿದೆ.’ ಫೋಟೋದಲ್ಲಿ ಮಗು ತಿಳಿಗುಲಾಬಿ ಬಣ್ಣದಲ್ಲಿ ನಗುತ್ತಿತ್ತು. ಸಿಸ್ಟರು ಕಿಟಕಿಯ ಕಡೆ ನೋಡಿ, ಈ ಬೆಳಕೇ ಹೀಗೆ ಎಂದುಕೊಂಡಳೋ ಏನೋ, ಸೂಜಿ ಚುಚ್ಚಿ ಮುಂದಿನವರನ್ನು ಕರೆದಳು. ಚುಚ್ಚಿದ ಜಾಗದಲ್ಲಿ ರಕ್ತ ನಿಲ್ಲಲಿಲ್ಲ. ಹತ್ತಿ ತೊಯ್ದು, ಮನೆಗೆ ಬರುವಷ್ಟರಲ್ಲಿ ಮಗುವಿನ ಚಡ್ಡಿಯ ಅಂಚು ಕೆಂಪಾಗಿತ್ತು. ‘ಸಿಸ್ಟರು ನೆಟ್ಟಗೆ ಚುಚ್ಚಿಲ್ಲ’ ಎಂದ ಮಗ. ಅಜ್ಜಿ ಆ ಹತ್ತಿಯನ್ನು ತೆಗೆದು ಅಂಗೈಯಲ್ಲಿ ಮುಚ್ಚಿಕೊಂಡಳು.

ಮರುದಿನ ಮಧ್ಯಾಹ್ನ ಅಕ್ಕನ ಫೋನು ಬಂತು. ಮಗುವಿಗೆ ಹಾಲು ಕುಡಿಸುತ್ತಿದ್ದ ಸೊಸೆ ಫೋನನ್ನು ಮಾವನ ಕೈಗೆ ಕೊಟ್ಟಳು.

‘ಮಾವ, ಒಂದು ಸಣ್ಣ ವಿಷಯ. ನಾನು ಕಳ್ಸಿದ ಟವೆಲ್ ಕಳ್ದುಹೋಯ್ತಾ?’

‘ಇಲ್ವಲ್ಲಮ್ಮಾ, ಅದ್ರ ಮೇಲೇ ಮಲಗ್ಸಿ ಫೋಟೋ ತೆಗ್ದಿದ್ದು.’

‘ಮತ್ತೆ ನಾನು ಕಳ್ಸಿದ್ದು ಬಿಳೀದು. ಹೋದ ವಾರ ಯಾಕೋ ನೀಲಿ ಅನ್ನಿಸ್ತು, ಒಗೆಯೋವಾಗ ಬಣ್ಣ ಹತ್ತಿರ್ಬೇಕು ಅಂದ್ಕೊಂಡೆ. ಈ ವಾರ ಆಕಾಶದ ಥರ ಇದೆ.’ ಅವಳ ದನಿ ಇಲ್ಲಿಗೆ ಬದಲಾಯಿತು. ‘ಮಾವ, ಫೋಟೋಗೆ ಏನಾದ್ರೂ ಮಾಡ್ತೀರಾ ನೀವು?’

ಟವೆಲು ಕುರ್ಚಿಯ ಬೆನ್ನಿನ ಮೇಲೆ ಇತ್ತು. ಹಾಲಿನಷ್ಟು ಬೆಳ್ಳಗಿತ್ತು. ಇಲ್ನೋಡಿ ಅದನ್ನು ನೋಡಿದರು, ಕಂಪ್ಯೂಟರಿನ ಪರದೆಯ ಮೇಲಿದ್ದ ನೀಲಿ ಟವೆಲನ್ನು ನೋಡಿದರು. ಹಳದಿಯನ್ನು ಹಿಂಡಿ ತೆಗೆದರೆ ಬಿಳಿ ನೀಲಿಯಾಗುತ್ತದೆ. ಅವರ ಕೈಕೆಳಗೆ ಕಲಿಯಲು ಬಂದ ಹುಡುಗರಿಗೆಲ್ಲ ಮೊದಲ ದಿನ ಹೇಳಿಕೊಡುತ್ತಿದ್ದ ಪಾಠ ಅದು. ಬೆಳಕು ಹಳದಿಯಿದ್ದಿದ್ದರೆ ಟವೆಲೂ ಹಳದಿಯಾಗಬೇಕಿತ್ತಲ್ಲ? ಅವರು ಒಂದು ಸಲವೂ ಟವೆಲು ನೋಡಿರಲಿಲ್ಲ. ಮುಖ ಮಾತ್ರ ನೋಡಿದ್ದರು.

ಫೋನು ಕಿವಿಯಲ್ಲೇ ಇಟ್ಟುಕೊಂಡು ತಾವು ತಿದ್ದದ ಮೂಲ ಫೋಟೋಗಳನ್ನು ಒಂದರ ಪಕ್ಕ ಒಂದು ತೆರೆದರು. ಎಲ್ಲದರಲ್ಲೂ ಟವೆಲು ಬೆಳ್ಳಗೆ, ಅದರ ಮೇಲೆ ಮಗು ವಾರದಿಂದ ವಾರಕ್ಕೆ ಮಾಗುತ್ತಾ ಹೋಗಿತ್ತು. ಕೊನೆಯದರಲ್ಲಿ ಕಣ್ಣಿನ ಬಿಳಿಯೂ ಉಳಿದಿರಲಿಲ್ಲ. ‘ನಾನು ಹಳದಿ ತೆಗ್ದಿದ್ದೀನಮ್ಮಾ’ ಎಂದರು. ‘ಎಲ್ಲಾದ್ರಲ್ಲೂ ತೆಗ್ದಿದ್ದೀನಿ.’

ಆ ಕಡೆಯಿಂದ ಅಕ್ಕ ಅವಸರಿಸಿದಳು. ‘ತೆಗೀದೆ ಇರೋದನ್ನ ಕಳ್ಸಿ. ಬೇಡ, ಏನೂ ಕಳ್ಸ್ಬೇಡಿ. ಈಗ್ಲೇ ಮಕ್ಕಳ ಆಸ್ಪತ್ರೆಗೆ ಹೊರಡಿ. ಬಟ್ಟೆ ಬದಲಾಯ್ಸೋಕೂ ನಿಲ್ಬೇಡಿ.’

ಮಕ್ಕಳ ಆಸ್ಪತ್ರೆಯ ಡಾಕ್ಟರಮ್ಮ ವಯಸ್ಸಾದವರು, ಮಾತು ಕಮ್ಮಿ. ಮಗುವಿನ ಕಣ್ಣು ನೋಡಿದರು, ಹೊಟ್ಟೆ ಮುಟ್ಟಿದರು, ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ತೊಡೆಯ ಮೇಲೆ ಸೂಜಿ ಚುಚ್ಚಿದ ಜಾಗ ನೇರಳೆಯಾಗಿ ಹರಡಿದ್ದನ್ನು ನೋಡಿ ನರ್ಸಿಗೆ ಏನೋ ಗಡಿಬಿಡಿಯಲ್ಲಿ ಹೇಳಿದರು. ಮಗುವಿಗೆ ಒಂದು ಇಂಜೆಕ್ಷನ್ ಬಿತ್ತು. ಆಮೇಲೆ ಡಾಕ್ಟರಮ್ಮ ಮಗುವನ್ನು ಬಿಟ್ಟು ಅದರ ಅಪ್ಪನ ಮುಖ ನೋಡಿದರು. ಅಲ್ಲಿಂದ ಕಣ್ಣು ತಾತನ ಮುಖಕ್ಕೆ ಬಂತು. ಜೀವನವಿಡೀ ಬೇರೆಯವರ ಮುಖ ನೋಡಿದ ಇಲ್ನೋಡಿಗೆ ತಮ್ಮ ಮುಖವನ್ನು ಯಾರೋ ಹಾಗೆ ನೋಡಿದ್ದು ಮೊದಲ ಸಲ. ಅವರ ಕೈ ತಾನಾಗಿ ಗದ್ದವನ್ನು ಮುಚ್ಚಿಕೊಂಡಿತು.

‘ಇದು ಅಪ್ಪ ಅಮ್ಮನಿಂದ ಮಕ್ಕಳಿಗೆ ಬರಬಹುದಾದ ಕಾಯಿಲೆ ಅನ್ಸುತ್ತೆ’ ಎಂದರು ಡಾಕ್ಟರಮ್ಮ. ‘ಪರೀಕ್ಷೆ ಆಗೋವರೆಗೂ ಖಾತ್ರಿ ಇಲ್ಲ. ಲಿವರ್‌ನಲ್ಲಿ ಪಿತ್ತ ಹರಿಯೋ ಸಣ್ಣ ಸಣ್ಣ ನಾಳ ಇರುತ್ವೆ. ಈ ಮಗುಗೆ ಅವು ಸಾಕಷ್ಟು ಹುಟ್ಟಿಲ್ಲದೆ ಇರಬಹುದು. ಪಿತ್ತ ಹೊಟ್ಟೆಗೆ ಇಳೀದೆ ಹಿಂದಕ್ಕೆ ತಿರುಗಿ ರಕ್ತಕ್ಕೆ ಸೇರುತ್ತೆ. ಅದಕ್ಕೇ ಮೈ ಹಳದಿ, ಹೊರಗೆ ಹೋಗೋದು ಬಿಳಿ. ಪಿತ್ತ ಇಲ್ದಿದ್ರೆ ರಕ್ತ ಹೆಪ್ಪುಗಟ್ಟಿಸೋ ವಿಟಮಿನ್ನೂ ಮೈಗೆ ಹತ್ತಲ್ಲ. ಇನ್ನು ಸ್ವಲ್ಪ ತಡ ಆಗಿದ್ರೆ ತಲೆಯೊಳಗೆ ರಕ್ತ ಸೋರೋ ಅಪಾಯ ಇತ್ತು.’

‘ಆದ್ರೆ ನಮ್ಗೆ ಯಾರಿಗೂ ಏನೂ ಆಗಿಲ್ವಲ್ಲ ಡಾಕ್ಟ್ರೇ’ ಎಂದ ಮಗ.

‘ಅದೇ ಇದರ ಗುಣ. ಒಂದೇ ದೋಷ ಒಬ್ಬರಿಗೆ ಬರೀ ಇಂಥ ಚೂಪು ಗದ್ದದ ಮುಖ ಕೊಟ್ಟು ಸುಮ್ಮನಾಗುತ್ತೆ, ಇನ್ನೊಬ್ಬರಿಗೆ ಎದೇಲಿ ಸಣ್ಣ ಶಬ್ದ, ಮತ್ತೊಬ್ಬರಿಗೆ ಲಿವರ್ರೇ ಹಿಡಿಯುತ್ತೆ. ಅದು ಇರೋರ ಪ್ರತಿ ಮಗುಗೂ ಬರೋದು, ಬರದೇ ಇರೋದು ಅರ್ಧಕ್ಕರ್ಧ. ಯಾರಿಗೆ ಎಷ್ಟು ಅಂತ ಮೊದಲೇ ಹೇಳೋಕಾಗಲ್ಲ.’ ಅವರು ಪೆನ್ನು ತೆಗೆದುಕೊಂಡರು. ‘ಈ ಮನೇಲಿ ಹೀಗೇ ಯಾವುದಾದ್ರೂ ಮಗು ತೀರ್ಕೊಂಡಿದ್ಯಾ? ನೆನಪು ಮಾಡ್ಕೊಂಡು ಹೇಳಿ. ಮುಂದೇನು ಹುಡುಕ್ಬೇಕು ಅನ್ನೋದಕ್ಕೆ ಅದು ಬೇಕು.’

‘ನಂಗಿಂತ ಮುಂಚೆ ಒಬ್ಬ ಅಣ್ಣ ಇದ್ದ’ ಎಂದ ಮಗ. ‘ಆದ್ರೆ ಅದು ಜ್ವರ. ಕೆಂಪು ಕೆಂಪಾಗಿ ಚೆನ್ನಾಗಿದ್ದ. ಮನೇಲಿ ಕಲರ್ ಫೋಟೋನೇ ಇದೆ.’

ಡಾಕ್ಟರಮ್ಮ ‘ಜ್ವರ’ ಎಂದು ಬರೆದುಕೊಳ್ಳಲು ಬಾಗಿದರು. ಆ ಪೆನ್ನು ಕಾಗದ ಮುಟ್ಟಿಬಿಟ್ಟರೆ ಈ ಸುಳ್ಳು ಇನ್ನೊಂದು ಮಗುವಿನ ಮೇಲೂ ಕೂರುತ್ತದೆ ಎಂದು ಇಲ್ನೋಡಿಗೆ ಹೊಳೆಯಿತು. ಎದುರಿಗೆ ಸೊಸೆ. ಪಕ್ಕದಲ್ಲಿ, ಇಷ್ಟು ವರ್ಷ ಆ ಗುಲಾಬಿ ಕೆನ್ನೆಯನ್ನೇ ನಂಬಿಕೊಂಡು ಬದುಕಿದ ಹೆಂಡತಿ.

‘ಜ್ವರ ಅಲ್ಲ’ ಎಂದರು. ‘ಆ ಕೆಂಪು ನಾನು ಹಾಕಿದ್ದು. ಅದು ಕಪ್ಪು ಬಿಳುಪು ಫೋಟೋ.’

ಆಮೇಲೆ ಹೆಂಡತಿ, ನೆಲ ನೋಡುತ್ತಾ, ಒಂದೊಂದೇ ಮಾತು ಹೆಕ್ಕಿ ಹೇಳಿದಳು. ‘ಹಳದಿ ಇದ್ದ. ಹೊರಗೆ ಹೋಗೋದು ಸುಣ್ಣದ ಥರ ಇತ್ತು. ಕೊನೇ ದಿನ ಮೂಗಲ್ಲಿ ರಕ್ತ ಬಂತು. ಮುಖ ಇದೇ ಮುಖ.’

ಸೊಸೆ ಮಾವನ ಕಡೆ ತಿರುಗಿದಳು. ‘ನಿಮ್ಗೆ ಗೊತ್ತಿತ್ತಾ ಮಾವ?’

ಗೊತ್ತಿತ್ತೇ? ಅವರ ತಲೆಗೆ ಗೊತ್ತಿರಲಿಲ್ಲ. ಆ ಬೆರಳಿಗೆ ಗೊತ್ತಿತ್ತು. ಅದನ್ನು ಹೇಗೆ ಹೇಳುವುದೆಂದು ತಿಳಿಯದೆ ಅವರು ಮಗುವಿನಂತೆ ಅತ್ತುಬಿಟ್ಟರು.

ಪುಟ್ಟಿ ಬದುಕಿ ಮನೆಗೆ ಬಂದಳು. ಬದುಕಿದಳು ಎಂದಷ್ಟೇ ಹೇಳಬಹುದು. ರಕ್ತ ಪರೀಕ್ಷೆ ಹೌದು ಎಂದಿತು. ಮಗನ ರಕ್ತವೂ ಹೌದು ಎಂದಿತು. ಕೆಲವು ಮಕ್ಕಳು ಔಷಧಿಯಲ್ಲೇ ದಡ ಸೇರುತ್ತವೆ, ಕೆಲವಕ್ಕೆ ಮುಂದೆ ಲಿವರನ್ನೇ ಬದಲಿಸಬೇಕಾಗುತ್ತದೆ, ಕಾದು ನೋಡಬೇಕು ಎಂದರು ಡಾಕ್ಟರಮ್ಮ. ಮನೆಯಲ್ಲಿ ಎಲ್ಲರೂ ಕಾದು ನೋಡುತ್ತಿದ್ದರು. ಸೊಸೆ ಊಟಕ್ಕೆ ಕರೆಯುತ್ತಿದ್ದಳು, ಬಡಿಸುತ್ತಿದ್ದಳು, ಮಗುವನ್ನು ಮಾತ್ರ ಮಾವನ ಕೈಗೆ ಕೊಡುತ್ತಿರಲಿಲ್ಲ. ಗದ್ದದ ತಮಾಷೆ ಆ ಮನೆಯಲ್ಲಿ ಮತ್ತೆ ಕೇಳಲಿಲ್ಲ. ಒಂದು ದಿನ ಹೆಂಡತಿ ಮೂಲೆಯ ಫೋಟೋ ಇಳಿಸಿ ತಂದು ಮೇಜಿನ ಮೇಲಿಟ್ಟಳು. ಇಲ್ನೋಡಿ ಗಾಜು ಬಿಚ್ಚಿ, ಹತ್ತಿಯನ್ನು ಒದ್ದೆ ಮಾಡಿ, ಕೆನ್ನೆಯ ಗುಲಾಬಿಯನ್ನು ಒರೆಸಿದರು. ಅದು ಸುಲಭವಾಗಿಯೇ ಬಂತು. ಅವಳು ಬೂದುಬಣ್ಣದ ಮಗನನ್ನು ನೋಡಿ, ಮತ್ತೆ ಅದೇ ಮೊಳೆಗೆ ತೂಗುಹಾಕಿದಳು.

ತಿಂಗಳಾಗುತ್ತಾ ಬಂದಾಗ ಸೊಸೆ ತಾನಾಗಿಯೇ ಸ್ಟುಡಿಯೋಗೆ ಬಂದಳು. ತೋಳಿನಲ್ಲಿ ಮಗು, ಹೆಗಲ ಮೇಲೆ ಟವೆಲು.

‘ಆಸ್ಪತ್ರೆ ತಾರೀಕು ಇನ್ನೂ ದೂರ ಇದೆ. ಅಷ್ಟರವರೆಗೆ ವಾರ ವಾರ ಫೋಟೋ ಕಳ್ಸಿ ಅಂದ್ಳು ಅಕ್ಕ’ ಎಂದು ಮಗುವನ್ನು ಅವರ ಕೈಗೆ ಕೊಟ್ಟಳು. ‘ಟವೆಲು ಬೆಳ್ಳಗೇ ಇರ್ಲಿ ಮಾವ.’

ಬಿಸಿಲು ಬೀಳುವ ಬಾಗಿಲ ಬಳಿ ಟವೆಲು ಹಾಸಿ ಪುಟ್ಟಿಯನ್ನು ಮಲಗಿಸಿದರು. ‘ಇಲ್ನೋಡು ಪುಟ್ಟಿ’ ಎಂದರು. ಅವಳು ನೋಡಿದಳು. ಕಂಪ್ಯೂಟರಿನ ಮುಂದೆ ಕುಳಿತಾಗ ಬಲಗೈ ಬೆರಳು ಹಳೆಯ ದಾರಿ ಹಿಡಿದು ಹೊರಟಿತು. ಅದನ್ನು ಎಡಗೈಯಿಂದ ಹಿಡಿದು ತೊಡೆಯ ಮೇಲಿಟ್ಟುಕೊಂಡರು. ಫೋಟೋ ಇದ್ದ ಹಾಗೇ ಹೋಯಿತು.

ಉತ್ತರಕ್ಕಾಗಿ ಎಲ್ಲರೂ ಸ್ಟುಡಿಯೋದಲ್ಲೇ ನಿಂತಿದ್ದರು: ಹೆಂಡತಿ ಒದ್ದೆ ಕೈಯಲ್ಲಿ, ಮಗ ಗಿರಾಕಿಗಳ ಕರಿ ಕೋಟು ಹಿಡಿದು, ಸೊಸೆ ಮಗುವನ್ನು ಎದೆಗೊತ್ತಿಕೊಂಡು. ಮೊಬೈಲು ಸದ್ದು ಮಾಡಿತು. ಇಲ್ನೋಡಿ ಕನ್ನಡಕ ಹಾಕಿಕೊಂಡು ಮೊದಲು ಮನಸ್ಸಿನಲ್ಲೇ ಓದಿಕೊಂಡರು. ಬದಲಾಯಿಸಿ ಹೇಳಬಹುದಿತ್ತು, ಪರವಾಗಿಲ್ಲವಂತೆ ಎನ್ನಬಹುದಿತ್ತು, ಒಂದು ರಾತ್ರಿಯಾದರೂ ಎಲ್ಲರೂ ನಿದ್ದೆ ಮಾಡುತ್ತಿದ್ದರು.

‘ಹಳದಿ ತುಂಬಾ ಜಾಸ್ತಿ ಇದೆ. ನಾಳೆ ತನಕ ಕಾಯಬೇಡಿ, ಈಗಲೇ ಕರೆದುಕೊಂಡು ಹೋಗಿ.’

ಅವರು ಅದನ್ನು ಒಂದಕ್ಷರ ಬಿಡದೆ ಗಟ್ಟಿಯಾಗಿ ಓದಿದರು.